ಇಬ್ಬರ ಉಸಿರಿಗೆ ಎಷ್ಟು ಕೋಟ್

ಫೆಬ್ರವರಿ 9

ಇವತ್ತೂ ಸ್ನಾನದ ಬಕೆಟ್ ಇಲ್ಲ. ಹಿತ್ತಲಲ್ಲಿದೆ. ಒಳಗೆ ಪ್ಲೈವುಡ್ ತುಂಡುಗಳು ಮುಳುಗಿವೆ — ಒಂದಕ್ಕೆ ವಾರ್ನಿಶ್, ಒಂದಕ್ಕೆ ಗಟ್ಟಿ ಅಂಟಿನಂಥ ಎಪಾಕ್ಸಿ, ಒಂದಕ್ಕೆ ಲಾರಿಯ ತೊಟ್ಟಿಗೆ ಬಳಿಯುವ ರಬ್ಬರಿನಂಥ ಕರಿ ಬಣ್ಣ, ಇನ್ನೊಂದಕ್ಕೆ ಬಟ್ಟೆ ಅಂಟಿಸಿ ಮೇಲೆ ಮನೆಯ ಹೊರಗೋಡೆಗೆ ಹೊಡೆಯುವ ಮಾಮೂಲಿ ಪೇಂಟ್. ಯಾವುದರ ಅಂಚು ಮೊದಲು ಊದಿಕೊಳ್ಳುತ್ತದೆ ಎಂದು ಇವರು ಕಾಯುತ್ತಿದ್ದಾರೆ. ನಾನು ಬಕೆಟ್ಟಿಗೆ ಕಾಯುತ್ತಿದ್ದೇನೆ. ಅಡುಗೆಮನೆಯ ಪಾತ್ರೆಯಲ್ಲೇ ನೀರು ಹಿಡಿದು ಮೈ ತೊಳೆದು ಅಂಗಡಿಗೆ ಓಡಿದೆ.

ದಿನವಿಡೀ ಕಂಡವರ ಪ್ಯಾಂಟುಗಳ ಕಾಲು ಗಿಡ್ಡ ಮಾಡಿ, ಕಂಡವರ ಸೊಂಟ ಬಿಚ್ಚಿ ಹೊಲಿದು, ಸಂಜೆ ಬಂದರೆ ಹಾಲಿನ ಪಾತ್ರೆಯಲ್ಲಿ ಇನ್ನೊಂದು ತುಂಡು ಕುದಿಯುತ್ತಿದೆ. ಅಂಟು ಬಿಡುತ್ತದೋ ಇಲ್ಲವೋ ನೋಡಬೇಕಂತೆ. ಹಾಲು ಯಾವುದರಲ್ಲಿ ಕಾಯಿಸಲಿ ಎಂದೆ. ಇವರು ಚಮಚದಿಂದ ತುಂಡನ್ನು ಮಗುಚಿದರು. ಬೈಯಲೂ ಶಕ್ತಿಯಿಲ್ಲ. ಹಾಲಿಲ್ಲದ ಟೀ ಕುಡಿದು ಮಲಗಿದೆ.

ಫೆಬ್ರವರಿ 11

ರಜೆ. ಇವರು ಬೆಳಿಗ್ಗೆಯಿಂದ ಕಾರ್ ಶೆಡ್ಡಿನಲ್ಲೇ. ಗಾಡಿ ನಿಂತಿದೆ — ಎರಡು ಚಕ್ರ, ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್ ಪೆಟ್ಟಿಗೆ, ಒಳಗೆ ಎದುರುಬದುರು ಎರಡು ಮಂಚ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೋಗಿ ಯಾವುದಾದರೂ ಕೆರೆಯ ದಂಡೆಯಲ್ಲಿ ನಿಲ್ಲಿಸಿ ಮಲಗಬಹುದು. ಚೆನ್ನಾಗಿಯೇ ಕಟ್ಟಿದ್ದಾರೆ, ಸುಳ್ಳು ಹೇಳಬಾರದು. ಆದರೆ ಹೊರಗೆ ಏನು ಬಳಿಯಬೇಕು ಎನ್ನುವಲ್ಲಿಗೆ ಬಂದು ಗಾಡಿ ನಿಂತುಬಿಟ್ಟಿದೆ.

ನಿಲ್ಲದೆ ಇನ್ನೇನು. ನನ್ನ ಗಂಡ ಇಡೀ ನೌಕರಿ ಕಳೆದದ್ದು ವಸತಿ ಕಚೇರಿಯ ಸೋರಿಕೆ ದೂರಿನ ಮೇಜಿನ ಮುಂದೆ. ಯಾರ ಮಾಳಿಗೆ ಸೋರಿದರೂ ಬೈಗುಳ ಇವರಿಗೇ. ಜೊತೆಯವರು ಇಟ್ಟ ಹೆಸರು ಸೋರಿಕೆ ಸಾಹೇಬರು. ರಿಟೈರ್ ಆದರೂ ಸಾಹೇಬರಿಗೆ ಜಗತ್ತೆಲ್ಲ ಸೋರುತ್ತಲೇ ಇದೆ. ವಾರ್ನಿಶ್ ಆದರೆ ವರ್ಷ ವರ್ಷ ಉಜ್ಜಿ ಮತ್ತೆ ಬಳಿಯಬೇಕು. ಎಪಾಕ್ಸಿ ಗಟ್ಟಿ, ಆದರೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ, ಮೇಲೆ ಪೇಂಟ್ ಬೇಕೇ ಬೇಕು. ಕರಿ ರಬ್ಬರಿಗೆ ಒಂದು ಕಲ್ಲು ತಗುಲಿದರೆ ನೀರು ಒಳಗೆ ಹೋಗಿ ಅಲ್ಲೇ ಕೂರುತ್ತದೆ, ಹೊರಗೆ ಎಲ್ಲ ಚೆಂದ, ಒಳಗೆ ಮರ ಕೊಳೆಯುತ್ತದೆ. ಇದನ್ನೆಲ್ಲ ನನಗೆ ಊಟಕ್ಕೆ ಮುಂಚೆ ಒಂದು ಸಲ, ಊಟ ಮಾಡುತ್ತಾ ಒಂದು ಸಲ ಹೇಳಿದರು.

ತಲೆಯಾಡಿಸಿದೆ. ನಾನು ಹೇಳಬೇಕಾದ ಮಾತು ಬೇರೆಯೇ ಇದೆ.

ಇದೆಲ್ಲ ಶುರುವಾದದ್ದು ನನ್ನ ಬಾಯಿಂದಲೇ. ಅತ್ತೆ ತೀರಿಹೋಗಿ ಎರಡು ತಿಂಗಳಾಗಿತ್ತು. ಪಾತ್ರೆ ತೊಳೆಯುತ್ತಾ ಅಂದಿದ್ದೆ — ಎಲ್ಲಾದರೂ ಹೋಗಿ ಹತ್ತು ದಿನ ಇದ್ದು ಬರಬೇಕು. ಅಷ್ಟೇ. ‘ನಾನು’ ಎಂದು ಸೇರಿಸಲಿಲ್ಲ. ಯಾರು ಸೇರಿಸುತ್ತಾರೆ? ನಮ್ಮ ಮಾತಿನಲ್ಲಿ ಅದು ಬೇಕಾಗುವುದೂ ಇಲ್ಲ. ಇವರು ‘ನಾವು’ ಎಂದು ಕೇಳಿಸಿಕೊಂಡರು. ಮರುವಾರ ಪ್ಲೈವುಡ್ ಬಂದು ಇಳಿಯಿತು. ಇವರ ಮುಖದ ಹಿಗ್ಗು ನೋಡಿದೆ, ಬಾಯಿಗೆ ಬೀಗ ಬಿತ್ತು.

ಅತ್ತೆ ಕೆಟ್ಟವರಲ್ಲ. ಮಲಗಿದ್ದಲ್ಲೇ ವರ್ಷಗಟ್ಟಲೆ ಇದ್ದರು, ಕರೆಯುತ್ತಿದ್ದರು. ನೀರಿಗೆ, ಮಗ್ಗುಲು ಬದಲಿಸಲು, ಕೆಲವು ಸಲ ಸುಮ್ಮನೆ. ಅವರು ಹೋದ ಮೇಲೆ ಇವರು ಕರೆಯುತ್ತಾರೆ — ಕನ್ನಡಕ ಎಲ್ಲಿ, ಬ್ರಷ್ ಎಲ್ಲಿ, ಸ್ವಲ್ಪ ಬಾ, ಇದು ಊದಿದೆಯಾ ನೋಡು. ನನಗೆ ಯಾರೂ ಕರೆಯದ ಹತ್ತು ದಿನ ಬೇಕು. ಇವರೂ ಇರಬಾರದು. ಬರೆಯುವುದೇ ಇಷ್ಟು ಕಷ್ಟ, ಹೇಳುವುದು ಹೇಗೆ.

ಫೆಬ್ರವರಿ 18

ಅಂಗಡಿಯ ಯಜಮಾನಿ ರಜೆ ಕೊಟ್ಟಳು. ಮಾರ್ಚ್ ಹದಿನೈದರಿಂದ. ಆಮೇಲೆ ಮದುವೆ ಬಟ್ಟೆಗಳ ಕಾಲ, ಕೇಳಲೇಬೇಡ ಎಂದಳು. ಇಬ್ಬರೂ ಹಾಯಾಗಿ ಹೋಗಿ ಬನ್ನಿ ಎಂದು ಬೇರೆ ಹರಸಿದಳು. ಹೂಂ ಎಂದೆ.

ಸಂಜೆ ಇವರ ಜೊತೆ ಬಣ್ಣದಂಗಡಿಗೆ. ಎಷ್ಟು ವರ್ಷ ಬಾಳಿಕೆ ಬರಬೇಕು ಸಾರ್ ಎಂದು ಅಂಗಡಿಯವನು ಕೇಳಿದ. ‘ನಾವಿಬ್ಬರೂ ಇರೋವರೆಗೆ’ ಎಂದರು ಇವರು, ತಮಾಷೆಗಲ್ಲ. ಅಷ್ಟಕ್ಕೆ ಯಾವ ಕಂಪನಿಯೂ ವಾರಂಟಿ ಕೊಡಲ್ಲ ಎಂದು ಅವನು ನಕ್ಕ. ನಾನು ಬಣ್ಣಗಳ ಕಾರ್ಡು ನೋಡುತ್ತಾ ನಿಂತೆ. ಬಿಳಿಯಲ್ಲೇ ಎಷ್ಟೊಂದು ಬಿಳಿ. ಕಣ್ಣು ಮಂಜಾಯಿತು, ಕನ್ನಡಕ ಒರೆಸಿದೆ.

ಫೆಬ್ರವರಿ 19

ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ‘ಪೇಂಟ್ ಹಚ್ಚೋಕೆ ಮುಂಚೆ ಹೇಳ್ಬಿಡಕ್ಕಾ. ಹಚ್ಚಿದ ಮೇಲೆ ಹೇಳಿದ್ರೆ ಭಾವನ್ನ ಕೊಂದ ಹಾಗೆ’ ಅಂದಳು.

ನಾಳೆ ಹೇಳುತ್ತೇನೆ.

ಫೆಬ್ರವರಿ 25

ಹೇಳಿಲ್ಲ.

ಬಕೆಟ್ ವಾಪಸ್ ಬಂತು. ತೀರ್ಪೂ ಬಂತು. ಎಪಾಕ್ಸಿ ಬಿಟ್ಟು ಉಳಿದೆಲ್ಲದರ ಅಂಚು ಊದಿದೆ. ನೀರು ಕುಡಿಯುವುದು ಪ್ಲೈವುಡ್ಡಿನ ಮುಖವಲ್ಲ, ಅಂಚು. ಹಾಗಾಗಿ ಅಂಚುಗಳಿಗೆ, ಸ್ಕ್ರೂ ತೂತುಗಳಿಗೆ ಎಪಾಕ್ಸಿ. ಗಾಡಿಯ ಮೈಗೆಲ್ಲ ಬಟ್ಟೆ ಅಂಟಿಸಿ ಮನೆ ಪೇಂಟ್. ಗೀರು ಬಿದ್ದರೆ ಯಾವ ಊರಲ್ಲಾದರೂ ಒಂದು ಡಬ್ಬಿ ತಂದು ತೇಪೆ ಹಾಕಬಹುದು.

ಬಟ್ಟೆ ನನ್ನ ಪಾಲಿಗೆ. ಕತ್ತರಿಸಿ, ಎಳೆದು, ಮೂಲೆ ಮಡಿಸಿ ಕೂರಿಸಿದೆ. ಇವರು ಹಿಂದೆಯೇ ಅಂಟು ಬಳಿಯುತ್ತಾ ಬಂದರು. ಒಂದು ಸುಕ್ಕಿಲ್ಲ. ಹಾಳಾದ್ದು, ಖುಷಿಯಾಯಿತು. ಖುಷಿಯಾದದ್ದಕ್ಕೆ ಇನ್ನಷ್ಟು ಸುಸ್ತು.

ಮಾರ್ಚ್ 3

ಹೊರಗೆ ಎರಡು ಕೋಟ್ ಆಯಿತು. ತಂಗಿಯ ಮಾತು ಮೀರಿದೆ. ಇವತ್ತು ಇವರು ಗಾಡಿಯೊಳಗೆ ಕೂತು ಸೂರಿಗೆ ಬಳಿಯುತ್ತಿದ್ದರು. ನಾನು ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದೆ. ಒಳಗೆ ಯಾಕೆ ಬಣ್ಣ, ಮಳೆ ಬರುವುದು ಹೊರಗಲ್ಲವೇ ಎಂದೆ. ಸಾಹೇಬರಿಗೆ ಬೇಕಾದ ಪ್ರಶ್ನೆಯೇ ಸಿಕ್ಕಿತು.

‘ರಾತ್ರಿಯೆಲ್ಲ ಇಬ್ರು ಉಸಿರು ಬಿಟ್ರೆ ಲೋಟಗಟ್ಟಲೆ ನೀರಾಗುತ್ತೆ. ಹೊರಗೆ ಇಷ್ಟು ಬಿಗಿಯಾಗಿ ಮುಚ್ಚಿದೀವಿ. ಆ ನೀರು ಎಲ್ಲಿಗೆ ಹೋಗ್ಬೇಕು? ಮರಕ್ಕೇ ಇಳಿಯುತ್ತೆ. ಅದಕ್ಕೇ ಒಳಗೂ ಎರಡು ಕೋಟ್.’

‘ಒಬ್ರೇ ಮಲಗಿದ್ರೆ?’

‘ಅರ್ಧ ಆಗುತ್ತೆ.’ ಬ್ರಷ್ ಆಡುತ್ತಲೇ ಇತ್ತು. ‘ಒಂದು ಕೋಟ್ ಸಾಕಾಗುತ್ತೆ.’

ಆಮೇಲೆ ಬ್ರಷ್ ನಿಂತಿತು.

‘ಯಾರು ಒಬ್ರು?’

‘ನಾನು.’

ಸೂರಿನಿಂದ ಬಣ್ಣ ಇವರ ಮೊಣಕೈ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ. ನಾನೂ ಒರೆಸಲಿಲ್ಲ. ಡಬ್ಬಿ ಕೆಳಗಿಟ್ಟು ಮನೆಯೊಳಗೆ ಬಂದುಬಿಟ್ಟೆ.

ಮಾರ್ಚ್ 8

ಶೆಡ್ಡಿನ ಕಡೆ ಹೋಗಿಲ್ಲ ಇವರು. ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟಿದೆ. ತಟ್ಟೆ ತಾವೇ ತೊಳೆದಿಡುತ್ತಾರೆ. ಕನ್ನಡಕ ತಾವೇ ಹುಡುಕಿಕೊಳ್ಳುತ್ತಾರೆ, ಮನೆಯೆಲ್ಲ ತಡಕಾಡುತ್ತಾ. ನನಗೆ ಕಾಣುತ್ತಿರುತ್ತದೆ, ಫ್ರಿಜ್ಜಿನ ಮೇಲೆಯೇ. ಅಯ್ಯೋ ಪಾಪ ಎನ್ನಿಸುತ್ತದೆ. ಮರುಕ್ಷಣ ಸಿಟ್ಟು. ಇಷ್ಟು ವರ್ಷದಲ್ಲಿ ಹತ್ತು ದಿನ, ಅದಕ್ಕೂ ಈ ಮುಖ ನೋಡಬೇಕೇ?

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಿಬಿಟ್ಟರು. ತಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಬೇರೆ ಏನಾದರೂ ಯೋಚನೆ ಇದೆಯೇ, ವಾಪಸ್ ಬರುತ್ತೀಯಲ್ಲ ಎಂದರು. ಬರದೆ ಎಲ್ಲಿಗೆ ಹೋಗಲಿ, ನನ್ನ ಹೊಲಿಗೆ ಮಷಿನ್ ಇಲ್ಲೇ ಇದೆ ಎಂದೆ. ನಗಿಸಲು ಅಂದದ್ದು. ನಗಲಿಲ್ಲ.

‘ನಾನೂ ಬರ್ತೀನಿ. ಒಂದ್ಸಲಾನೂ ನಿನ್ನ ಕರೆಯಲ್ಲ. ಆಣೆ.’

‘ನೀವು ಕರೀದಿದ್ರೂ ನಂಗೆ ಕೇಳಿಸುತ್ತೆ ರೀ.’

ಅನ್ನ ಆರಿತು. ಇಬ್ಬರೂ ತಿಂದೆವು, ಬಿಡಲಿಲ್ಲ.

ಮಾರ್ಚ್ 10

ಬೆಳಿಗ್ಗೆ ಎದ್ದರೆ ಶೆಡ್ಡಿನಲ್ಲಿ ಸದ್ದು. ಕೆನೆ ತೆಗೆದು, ಬಣ್ಣ ಸೋಸಿ, ಮತ್ತೆ ಬಳಿಯುತ್ತಿದ್ದಾರೆ. ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ, ಕಿಟಕಿಯಿಂದ ನೋಡಿದೆ. ಸೂರಿಗೆ ಗಾಳಿ ಹೋಗುವ ಪುಟ್ಟ ಕಿಂಡಿ ಕೂರಿಸಿದರು. ಅದರ ಸುತ್ತ ಬೆರಳಿನಿಂದ ಅಂಟು ಸವರಿದರು, ಮತ್ತೆ ಸವರಿದರು.

ಮಾರ್ಚ್ 13

ಖಾಲಿ ಮೈದಾನದಲ್ಲಿ ನನಗೆ ಗಾಡಿ ರಿವರ್ಸ್ ತೆಗೆಯುವ ಪಾಠ. ಕಾರು ಓಡಿಸುವುದು ಬರುತ್ತದೆ, ಬಾಲ ಕಟ್ಟಿಕೊಂಡು ಹಿಂದಕ್ಕೆ ಹೋಗುವುದು ಬೇರೆ ವಿದ್ಯೆ. ಎಡಕ್ಕೆ ಬೇಕಾದರೆ ಸ್ಟೀರಿಂಗ್ ಬಲಕ್ಕೆ. ಮತ್ತೆ ಮತ್ತೆ ಅಡ್ಡ ಸಿಕ್ಕಿಸಿದೆ. ಇವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಇವತ್ತು ಒಂದೇ ಒಂದು ಸಲ ದನಿ ಏರಿಸಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಒಳಗೆ ಎಷ್ಟು ಕೋಟ್ ಹೊಡೆದಿರಿ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮಾರ್ಚ್ 15

ಹೊರಟೆ. ಗೇಟಿನ ಹತ್ತಿರ ಗಾಡಿಯ ಹಿಂದಿನ ದೀಪ ಉರಿಯುತ್ತದೋ ನೋಡಿದರು, ಕೊಂಡಿ ಅಲುಗಾಡಿಸಿದರು, ಟೈರಿಗೆ ಒದ್ದರು. ‘ಹೋಗ್ಬಾ’ ಎಂದರು. ಹೋಗಿ ಬಾ, ಎರಡೂ ಅದರಲ್ಲೇ ಇದೆ.

ಕನ್ನಡಿಯಲ್ಲಿ ಬಿಳಿ ಗಾಡಿ ಬಿಟ್ಟು ಬೇರೇನೂ ಕಾಣಲಿಲ್ಲ. ತಿರುವಿನವರೆಗೂ ಅಳುತ್ತಲೇ ಓಡಿಸಿದೆ. ಆಮೇಲೆ ರಸ್ತೆ ನೋಡಬೇಕಾಯಿತು.

ಮಾರ್ಚ್ 16, ಬೆಳಿಗ್ಗೆ

ಕೆರೆಯ ದಂಡೆ. ಅಕ್ಕಪಕ್ಕ ಒಂದೆರಡು ಟೆಂಟು. ರಾತ್ರಿ ಗಾಳಿ, ಸಣ್ಣ ಮಳೆ. ಒಂದು ಹನಿಯೂ ಒಳಗೆ ಬರಲಿಲ್ಲ. ಇವರು ಫೋನ್ ಮಾಡಿಲ್ಲ, ಮೆಸೇಜೂ ಇಲ್ಲ. ಆಣೆ ಉಳಿಸಿಕೊಂಡಿದ್ದಾರೆ.

ಬೆಳಕು ಹರಿಯುವಾಗ ಯಾರೋ ಕೂಗಿದರು — ಏ, ಎಲ್ಲಿದೀಯೇ, ಟವೆಲ್ ಎಲ್ಲಿಟ್ಟೆ? ‘ಬಂದೆ’ ಎಂದು ಎದ್ದುಬಿಟ್ಟೆ. ಒಂದು ಕಾಲಿಗೆ ಚಪ್ಪಲಿ, ಚಿಲಕದ ಮೇಲೆ ಕೈ. ಕೂಗಿದ್ದು ಪಕ್ಕದ ಟೆಂಟಿನ ಗಂಡಸು, ತನ್ನ ಹೆಂಡತಿಯನ್ನು. ಅವಳು ಗೊಣಗುತ್ತಾ ಕೊಟ್ಟದ್ದೂ ಕೇಳಿಸಿತು. ನಾನು ಮಂಚದ ಮೇಲೆ ಕೂತು ಅತ್ತೆ, ನಕ್ಕೆ, ಎರಡೂ ಒಟ್ಟಿಗೇ.

ಈಗ ಮತ್ತೆ ಕೂಗುತ್ತಿದ್ದಾನೆ. ಈ ಸಲ ಸೋಪು. ನನ್ನನ್ನಲ್ಲ. ಕೂಗಿಕೊಳ್ಳಲಿ.

ಮಲಗಿಕೊಂಡೇ ಬರೆಯುತ್ತಿದ್ದೇನೆ. ಕೈ ಭಾರ, ನಿದ್ದೆ ಮತ್ತೆ ಎಳೆಯುತ್ತಿದೆ. ಎದ್ದು ಟೀ ಇಡಬೇಕು… ಆಮೇಲೆ ಇಟ್ಟರೂ…