ಬೆಂಕಿ ಕಂಡ ನೀಲ

ಮಾರ್ಚ್ ೧೪, ಗುರುವಾರ. ರತ್ನಪುರ.

ನಮ್ಮ ರತ್ನದಂಗಡಿಯ ಯಜಮಾನ, ಮುದಲಾಳಿ ಕರುಣಸೇನರ ಮುಖ ಇನ್ನೂ ಕಣ್ಣಮುಂದಿದೆ. ಇರಲಿ. ಆಡಿದ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ.

ಆ ನೀಲದ ಹರಳನ್ನು ಗಣಿಯಿಂದ ತಂದ ದಿನವೇ ನೋಡಿದ್ದೆ. ಒಳಗೆ ರೇಷ್ಮೆಯೆಳೆಯಂಥ ಸಣ್ಣ ಗೆರೆಗಳಿದ್ದವು. ಸಾಣೆಗೆಂದು ನನ್ನ ಕೈಗೆ ಬರುವಷ್ಟರಲ್ಲಿ ಬಣ್ಣ ಗಾಢವಾಗಿ, ಎಳೆಗಳು ಕರಗಿ ಚುಕ್ಕಿಗಳಾಗಿದ್ದವು. ಬಣ್ಣ ಏರಲೆಂದು ಮುದಲಾಳಿ ಅದನ್ನು ಕುಲುಮೆಗೆ ಹಾಕಿದ್ದರು. ಹಾಕಲಿ, ಎಷ್ಟೋ ಜನ ಹಾಕುತ್ತಾರೆ. ಆದರೆ ಹೇಳಿ ಮಾರಬೇಕು.

ಇವತ್ತು ಗಾಲೆ ಪಟ್ಟಣದಿಂದ ಮದುಮಗಳು ದಿಲ್ರುಕ್ಷಿ ಉಂಗುರದ ಅಳತೆ ಕೊಡಲು ಬಂದಳು. ಮುದಲಾಳಿ ಅದೇ ನೀಲ ತೋರಿಸಿ ನಗುತ್ತಾ, "ಬೆಂಕಿ ಸೋಕದ ಕಲ್ಲಮ್ಮ. ಬೇಕಾದ್ರೆ ಸಾಣೆ ಹಿಡಿದವಳನ್ನೇ ಕೇಳು," ಎಂದರು.

ಅವಳು ನನ್ನ ಕಡೆ ತಿರುಗಿದಳು. "ಹೌದಾ ಅಕ್ಕಾ?"

"ಇಲ್ಲಮ್ಮ. ಕುಲುಮೇಲಿ ಕಾಯಿಸಿದ್ದು."

ಅವಳು ಎದ್ದು ಹೋದ ಮೇಲೆ ಮುದಲಾಳಿ ಕೂಗಾಡಿದರು. "ಹದಿನೆಂಟು ವರ್ಷ ನನ್ನ ಅನ್ನ ತಿಂದು ನನಗೇ ಹೀಗೆ ಮಾಡ್ತೀಯಾ? ನಾಳೆಯಿಂದ ಬರಬೇಡ!"

"ನನ್ನ ಕೈಕೆಲಸದ ಅನ್ನ ತಿಂದೆ, ನಿಮ್ಮದಲ್ಲ," ಎಂದೆ. "ನೀವು ಹೇಳದಿದ್ರೂ ಬರ್ತಿರಲಿಲ್ಲ."

ಬಸ್ ನಿಲ್ದಾಣದಲ್ಲಿ ದಿಲ್ರುಕ್ಷಿ ನನಗಾಗಿ ಕಾಯುತ್ತಿದ್ದಳು. "ಬಣ್ಣ ಮಂಕಾದ್ರೂ ಪರವಾಗಿಲ್ಲ ಅಕ್ಕಾ, ಬೆಂಕಿ ಕಾಣದ ಕಲ್ಲೇ ಬೇಕು. ನೀವೇ ಹುಡುಕಿ, ನೀವೇ ಸಾಣೆ ಹಿಡೀರಿ. ಮದುವೆಗೆ ಇನ್ನೂ ಎರಡು ತಿಂಗಳಿದೆ."

ಹೂಂ ಎಂದುಬಿಟ್ಟೆ! ಅಪ್ಪನ ಸಾಣೆಚಕ್ರ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದೆ. ಅದನ್ನು ಇಳಿಸಿ ಎಣ್ಣೆ ಹಾಕಬೇಕು. ಬೆಳಿಗ್ಗೆ ರತ್ನದ ಕಲ್ಲಿನ ಪೇಟೆಗೆ ಹೋದರೆ, ಸುದ್ದಿ ಕೇಳಿದವರೆಲ್ಲ ನನ್ನನ್ನೇ ನೋಡುತ್ತಾರೆ. ನೋಡಲಿ. ನಾನೂ ಅವರ ಕಣ್ಣಲ್ಲಿ ಕಣ್ಣಿಟ್ಟೇ ವ್ಯಾಪಾರ ಮಾಡುತ್ತೇನೆ.