ದಕ್ಷಿಣದ ಕಲ್ಲುಕಂಬ

ನನ್ನವರೇ,

ಇದನ್ನು ಯಾರ ಕೈಯಲ್ಲಿ ಕಳಿಸಲಿ? ನಿಮ್ಮ ಹಡಗು ಲಿಸ್ಬನ್ ಬಿಟ್ಟು ಏಳು ವರ್ಷವಾಯಿತು. ನೀವು ತೀರಿಕೊಂಡಿರೆಂದು ಒಪ್ಪಿ, ಪಾದ್ರಿಗಳು ಹೇಳಿದಂತೆ ನಿಮ್ಮ ಆತ್ಮಶಾಂತಿಗಾಗಿ ಚರ್ಚಿನಲ್ಲಿ ಬಲಿಪೂಜೆಗೆ ದಿನ ಗೊತ್ತುಮಾಡಿದ್ದೆ. ಇಂದು ಬೆಳಿಗ್ಗೆ ವಿಧವೆಯಾಗಿ ಉಡಲು ನೀಲಿ ಲಂಗಕ್ಕೆಂದು ಕಪ್ಪು ಬಣ್ಣ ಕಾಯಿಸುತ್ತಿದ್ದಾಗ, ಆಫ್ರಿಕಾದಿಂದ ಮರಳಿದ ನಾವಿಕ ಬ್ರಾಸ್ ಬಂದ.

“ಅಕ್ಕಾ, ನಿಮ್ಮ ಯಜಮಾನ್ರು ದಕ್ಷಿಣದ ತುದೀಲಿ ನೆಟ್ಟ ಕಲ್ಲುಕಂಬ ನೋಡ್ದೆ. ರಾಜರ ಹೆಸರಿನ ಕೆಳಗೆ ಬ್ರಿಯೊಲಾಂಜ ಅಂತ ನಿಮ್ಮ ಹೆಸರೂ ಕೆತ್ತಿದಾರೆ!”

ಅತ್ತೆ ನಕ್ಕರು. “ಮನೇಲಿದ್ದಾಗ ‘ಲೇ ಇವಳೇ’ ಅಂತಿದ್ದ, ಕಳ್ಳ!”

“ಅಲ್ಲಿ ಗೋರಿ ಇತ್ತಾ?” ಎಂದೆ.

“ಇರ್ಲಿಲ್ಲ ಅಕ್ಕಾ.”

ಬಲಿಪೂಜೆ ಬೇಡವೆಂದು ಹೇಳಿಕಳಿಸಿದೆ. ನೀವು ಹೊರಟ ದಿನ ಜಗಳವಾಡಿ, ದಡಕ್ಕೆ ಬಾರದೆ ಬಟ್ಟೆ ಒಗೆಯುತ್ತ ಕೂತಿದ್ದೆ. ಇಂದು ಸಂಜೆಯವರೆಗೂ ದಡದಲ್ಲೇ ನಿಂತಿದ್ದೆ. ಗಾಳಿ ಮಾತ್ರ ದಕ್ಷಿಣಕ್ಕೇ ಬೀಸುತ್ತಿತ್ತು.