ಮಜ್ಜಿಗೆ ತುಳುಕದ ಗಾಡಿ

ಗಾಳಿತಿಂಗಳು, ನಲವತ್ತೊಂದನೆಯ ದಿನ, 2189
ಕಪ್ಪತಗುಡ್ಡದ ಕೆಳಗಿನ ತುಂಬುಕಟ್ಟೆ

ಪೂಜ್ಯ ನೀಲವ್ವಜ್ಜಿಯವರಿಗೆ,

ಮೇಲಿನ ತಾರೀಖು ತಪ್ಪಲ್ಲ. ಗಾಳಿ ಜೋರಾಗಿ ಬೀಸುವ ದಿನಗಳನ್ನೆಲ್ಲ ನಾವು ಒಂದೇ ತಿಂಗಳಾಗಿ ಎಣಿಸುತ್ತೇವೆ, ಗಾಳಿ ನಿಂತ ದಿನ ಆ ತಿಂಗಳು ಮುಗಿಯುತ್ತದೆ. ಈ ವರ್ಷ ಇನ್ನೂ ನಿಂತಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಧಾರವಾಡದಲ್ಲಿ ಓದಿ ಪದವಿ ಪಡೆದಿದ್ದೇನೆ, ಆದರೆ ಯಾರ ಜೊತೆಗೂ ಅದನ್ನು ಮಾತಾಡಿದವಳಲ್ಲ. ನನ್ನ ಬರಹ ಕೆಲವೆಡೆ ಲಗ್ನಪತ್ರಿಕೆಯ ಹಾಗೆ, ಕೆಲವೆಡೆ ಲಾರಿಯ ಹಿಂದೆ ಬರೆದ ಸಾಲಿನ ಹಾಗೆ ಕಂಡರೆ ಕ್ಷಮಿಸಬೇಕು.

ನಾನು ಮುಕ್ತಾ. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಲೆಕ್ಕ ಹಾಕಿ ನೋಡಿದರೆ, ಈ ಓಲೆ ನಿಮಗೆ ತಲುಪಬೇಕಾದ ಹೊತ್ತಿಗೆ ನಿಮಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಮನೆಯಲ್ಲಿ ಅಜ್ಜಿಗೆ ನಾನು ನೀನು ಎನ್ನುವವಳು, ನಿಮಗೆ ಹಾಗೆನ್ನಲು ಧೈರ್ಯ ಬರಲಿಲ್ಲ. ಇಂಥ ಬರಹಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮನೆಗೆ ಹೊಸ ಗಾಡಿ ಬಂದಾಗ, ಆ ಮನೆತನಕ್ಕೆ ಮೊದಲ ಗಾಡಿ ತಂದವರಿಗೆ, ಅವರು ಅದನ್ನು ಕೊಳ್ಳುವ ಮುನ್ನವೇ ಸಿಗಲೆಂದು, ಮನೆಯ ಕಿರಿಯರು ಒಂದು ಓಲೆ ಬರೆದು ಸೀಟಿನ ಕೆಳಗೆ ಇಡಬೇಕು. ಅದು ಮುಟ್ಟುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಬಾಯಿಬಿಟ್ಟು ಮಾತಾಡುವುದಕ್ಕಿಂತ ಬರೆಯುವುದು ಸುಲಭವಾದ್ದರಿಂದ ನನಗೆ ಈ ಕೆಲಸ ಹಿಡಿಸಿತು.

ಗಿರಣಿ ಇನ್ನೂ ನಡೆಯುತ್ತಿದೆ. ನೀವು ಮತ್ತು ನಿಮ್ಮ ಯಜಮಾನರು ಗದಿಗೆಪ್ಪಜ್ಜ ಗಾಡಿಯ ಹಿಂದೆ ಕಟ್ಟಿಕೊಂಡು ಊರೂರು ಸುತ್ತಿದ ಗಿರಣಿಯನ್ನೇ ನಾವೂ ಸುತ್ತಿಸುತ್ತೇವೆ. ಎರಡು ಗಾಲಿಯ ಆ ಹಿಂದಿನ ಗಾಡಿಗೆ ಈಗ ಬಾಲಗಾಡಿ ಎಂದು ಹೆಸರು. ಮುಂದೆ ಎಳೆಯುವುದನ್ನು ಮಾತ್ರ ಇವತ್ತಿಗೂ ಪಿಕಪ್ಪು ಎನ್ನುತ್ತೇವೆ, ಆ ಹೆಸರು ಎಲ್ಲಿಂದ ಬಂತೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಡೀಸೆಲ್ಲಿನ ವಾಸನೆ ನಾನು ಕಂಡಿಲ್ಲ. ಗುಡ್ಡದ ಮೇಲಿನ ಗಾಳಿಕಂಬಗಳಿಂದ ಕರೆಂಟು ಇಳಿದು ಗಾಡಿಗಳಿಗೆ ತುಂಬುವ ಜಾಗವೇ ತುಂಬುಕಟ್ಟೆ. ಗಾಡಿಗಳನ್ನು ಅಲ್ಲಿ ದನ ಕಟ್ಟಿದ ಹಾಗೆ ಸಾಲಾಗಿ ಕಟ್ಟಿ, ಜನ ಹುಣಸೆಮರದ ನೆರಳಲ್ಲಿ ರೊಟ್ಟಿ ಬಿಚ್ಚುತ್ತಾರೆ. ಮುರಿದ ಗಾಳಿರೆಕ್ಕೆಗಳನ್ನು ಮನೆಯ ಮೇಲೆ ಹೊದಿಸಿದ್ದೇವೆ, ಮಳೆ ಬಿದ್ದರೆ ಡೊಳ್ಳು ಬಾರಿಸಿದ ಸದ್ದು. ಬೇಸಿಗೆಯ ಕಾವಿಗೆ ಹಿಟ್ಟು ಬೇಗ ಕಹಿಯಾಗುವುದರಿಂದ ಜನ ಜೋಳವನ್ನು ಕಾಳಾಗಿಯೇ ಇಟ್ಟುಕೊಂಡು, ವಾರದ ಪಾಳಿಯಂತೆ ನಮ್ಮ ದಾರಿ ಕಾಯುತ್ತಾರೆ. ಅವ್ವ ಗಾಡಿ ಓಡಿಸುತ್ತಾಳೆ. ಸಂಗವ್ವಜ್ಜಿ, ಎಂದರೆ ನನ್ನ ಅಜ್ಜಿ, ಕಲ್ಲಿನ ಮುಂದೆ ಕೂತು ಬೀಸುತ್ತಾಳೆ. ಊರ ಹೆಂಗಸರು ಹಿಟ್ಟಿಗಿಂತ ಹೆಚ್ಚಾಗಿ ಅವಳ ಮಾತಿಗೆ ಬರುತ್ತಾರೆ ಎಂದು ನನಗೆ ಗುಮಾನಿ. ಯಾರ ಮಗಳಿಗೆ ಗಂಡು ಸಿಕ್ಕಿತು, ಯಾರ ಸೊಸೆ ಮುನಿಸಿಕೊಂಡಳು ಎಂಬುದೆಲ್ಲ ಆ ಕಲ್ಲಿನ ಬಾಯಲ್ಲಿ ಕಾಳಿನ ಜೊತೆಗೇ ಬೀಳುತ್ತದೆ.

ಇಷ್ಟು ದಿನ ನಮ್ಮನ್ನು ಎಳೆದದ್ದು ಬೆಳ್ಳಕ್ಕ. ಹುಟ್ಟಿದಾಗ ಅವಳು ಹಸಿರು ಗಾಡಿಯಾಗಿದ್ದಳಂತೆ, ಹಿಟ್ಟು ಕೂತು ಕೂತು ಬೆಳ್ಳಕ್ಕನಾದಳು. ನಾನು ಅಕ್ಷರ ಕಲಿತದ್ದು ಅವಳ ಗಾಜಿನ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸಿ. ವಾರದಲ್ಲಿ ಕೆಲವು ದಿನ ಗಿರಣಿ ಎಳೆದರೆ, ಮಿಕ್ಕ ದಿನ ಅವಳೇ ಸಂತೆಗೆ, ದವಾಖಾನೆಗೆ, ಮದುವೆಗೆ. ಒಂದೇ ಉದ್ದ ಸೀಟಿನಲ್ಲಿ ಅವ್ವ, ಅಜ್ಜಿ, ನಾನು ಭುಜಕ್ಕೆ ಭುಜ ತಾಗಿಸಿ ಕೂತು ಹೋಗುತ್ತಿದ್ದೆವು. ನಡುವೆ ಕೂತವರಿಗೆ ಅಕ್ಕಪಕ್ಕದಿಂದ ಸೆಕೆ, ಆದರೆ ನಿದ್ದೆ ಬಂದರೆ ಎರಡೂ ಕಡೆ ಹೆಗಲು. ಬಾಗಿಲ ಕೆಳಗೆ ನೀವು ಬೋಲ್ಟು ಹಾಕಿಸಿದ ಕಬ್ಬಿಣದ ಮೆಟ್ಟಿಲು ಇತ್ತು. ಸೀರೆ ಉಟ್ಟವರು ಹತ್ತಲೆಂದು ನೀವು ಮಾಡಿಸಿದ್ದು, ಗಾಡಿಯಿಂದ ಗಾಡಿಗೆ ಬಿಚ್ಚಿ ಹಾಕುತ್ತ ಬಂದಿದ್ದೇವೆ. ಅದರ ನಡುಭಾಗ ನಮ್ಮೆಲ್ಲರ ಪಾದಕ್ಕೆ ಸವೆದು ತಾಟಿನ ಹಾಗೆ ತಗ್ಗಾಗಿದೆ. ಈ ವರ್ಷ ಬೆಳ್ಳಕ್ಕನ ಹಿಂಬದಿಯಲ್ಲಿ, ಬಾಲಗಾಡಿಯ ಕೊಂಡಿ ಕೂಡುವ ಕಡೆ, ಉದ್ದಕ್ಕೆ ಬಿರುಕು ಕಂಡಿತು. ಇಳಿಜಾರಿನಲ್ಲಿ ಕೊಂಡಿ ಕಿತ್ತರೆ ಗಿರಣಿ ಜನರ ಮೇಲೆ ಹೋಗುತ್ತದೆ. ಹೊಸ ಗಾಡಿ ಆರಿಸಲೇಬೇಕಾಯಿತು.

ನಮ್ಮ ಮನೆಯಲ್ಲಿ ಗಾಡಿ ಆರಿಸುವ ಪದ್ಧತಿ ನಿಮ್ಮಿಂದ ಬಂದದ್ದು, ಆದರೆ ಅದನ್ನು ನೀವಿನ್ನೂ ಶುರುಮಾಡಿಲ್ಲ. ಭಾರ ಕಟ್ಟಿ ದಿಬ್ಬ ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಎಬ್ಬಿಸಿ ನೋಡುವುದನ್ನು ಎಲ್ಲರೂ ಮಾಡುತ್ತಾರೆ. ಇಳಿಯುವಾಗ ಹಿಂದಿನ ಭಾರ ಮುಂದಿನದನ್ನು ನೂಕದಂತೆ ಬಾಲಗಾಡಿಗೂ ಬ್ರೇಕು ಹಿಡಿಯುತ್ತದೆಯೇ ಎಂದು ಬಲ್ಲವರು ನೋಡುತ್ತಾರೆ. ನಮ್ಮಲ್ಲಿ ಇನ್ನೊಂದಿದೆ, ಬರಿಗಾಡಿ ಸವಾರಿ. ಗಿರಣಿ ಬಿಚ್ಚಿಟ್ಟು, ಮನೆಮಂದಿ ಕೂತು, ಸಂತೆಯವರೆಗೆ ಹೋಗಿ ಬರಬೇಕು. ಮನೆಯ ಹಿರಿಯ ಹೆಂಗಸು ಮುಚ್ಚಳವಿಲ್ಲದ ಹಿತ್ತಾಳೆ ಚರಿಗೆಯಲ್ಲಿ ಕಂಠಮಟ್ಟ ಮಜ್ಜಿಗೆ ಹಿಡಿದು ತೊಡೆಯ ಮೇಲಿಟ್ಟುಕೊಳ್ಳಬೇಕು. ತುಳುಕಿದರೆ ಆ ಗಾಡಿ ಬೇಡ. ಭಾರ ಹೊರಲೆಂದೇ ಬಿಗಿಯಾಗಿ ಕಟ್ಟಿದ ಗಾಡಿ ಭಾರವಿಲ್ಲದಾಗ ಕುದುರೆಮರಿಯ ಹಾಗೆ ಕುಣಿಯುತ್ತದೆ, ಆ ಕುಣಿತ ಕೂತವರ ಸೊಂಟಕ್ಕೆ ಹೋಗುತ್ತದೆ.

ಫಕೀರಪ್ಪ ಕಾಕಾ, ಅಪ್ಪನ ತಮ್ಮ, ಗಿರಣಿಯ ರಿಪೇರಿಯೆಲ್ಲ ಅವನದೇ. ಜೋಳದ ಕಲ್ಲಿನ ಪಕ್ಕ ರವೆ ಒಡೆಯುವ ಕಲ್ಲೊಂದನ್ನು ಕೂರಿಸಿ, ಗುಡ್ಡದಾಚೆಯ ಊರುಗಳಿಗೂ ಹೋಗಬೇಕೆಂಬುದು ಅವನ ಬಹುದಿನದ ಆಸೆ. ಗಾಡಿ ಮಾರುವ ದಸ್ತಗೀರ ಸಾಹೇಬರ ಅಂಗಳದಲ್ಲಿ ಅವನು ದೊಡ್ಡದೊಂದನ್ನು ಕಂಡ. ಹಿಂದೆ ಜೋಡಿ ಗಾಲಿ, ಎದೆಮಟ್ಟದ ಮೂತಿ. ಎರಡೂ ಕಲ್ಲಿನಷ್ಟು ಭಾರ ಕಟ್ಟಿದರೂ ದಿಬ್ಬವನ್ನು ಉಸಿರೆತ್ತದೆ ಹತ್ತಿತು. ಕಾಕಾ ಅದರ ಬಾನೆಟ್ಟಿಗೆ ಕೈಯಿಂದ ಬಡಿದು, “ಆನಿ ಐತಿ ನೋಡ್ರಿ, ಆನಿ!” ಎಂದ. ಅವ್ವ, “ಆನಿ ಕಟ್ಟಾಕ ಓಣಿಯೂ ಅಷ್ಟ ಅಗಲ ಬೇಕಲ್ಲೋ ಫಕೀರಪ್ಪಾ,” ಎಂದಳು. ನಾನು ನೋಡಿದ್ದು ಬಾಗಿಲನ್ನು. ನಿಮ್ಮ ಮೆಟ್ಟಿಲನ್ನು ಕೆಳಗೆ ಕೂರಿಸಿದರೂ ಅದರ ಮೇಲೆ ಇನ್ನೊಂದು ಮೆಟ್ಟಿಲು ಬೇಕಿತ್ತು. ಅಜ್ಜಿಯ ಮೊಣಕಾಲು ಈಚೆಗೆ ಊದಿಕೊಂಡಿರುತ್ತದೆ. ಈ ಗಾಡಿ ಬಂದರೆ ಅವಳು ಒಂದೆರಡು ತಿಂಗಳು ಹಲ್ಲು ಕಚ್ಚಿ ಹತ್ತಿ, ಆಮೇಲೆ ಏನೋ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾಳೆ. ಆ ಊರುಗಳು, ಆ ಹೆಂಗಸರು, ಆ ಕಲ್ಲಿನ ಮುಂದಿನ ಜಾಗ ಎಲ್ಲವೂ ಅವಳಿಗೆ ಅಲ್ಲಿಗೆ ಮುಗಿಯುತ್ತವೆ. ಅಜ್ಜಿ ಮಾತ್ರ ಎಲ್ಲರಿಗಿಂತ ಮೊದಲು, “ನನ್ನ ಮಾರಿ ನೋಡಿ ಗಾಡಿ ಆರಿಸಬ್ಯಾಡ್ರಿ. ಮಜ್ಜಿಗಿ ಹೇಳತೈತಿ,” ಎಂದಳು.

ಮರುದಿನ ಬರಿಗಾಡಿ ಸವಾರಿ. ಕಾಕಾ ಅಜ್ಜಿಯನ್ನು ಹೆಚ್ಚುಕಡಿಮೆ ಎತ್ತಿಯೇ ಕೂರಿಸಿದ. ಅವಳು ನಕ್ಕಳು, ಚರಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಅವಳ ಪಕ್ಕದಲ್ಲಿದ್ದೆ. ಸಂತೆದಾರಿಯ ಗುಂಡಿಗಳು ನಿಮ್ಮ ಕಾಲದವೇ ಇರಬೇಕು, ಅವುಗಳನ್ನು ಯಾರೂ ಮುಟ್ಟಿದ ಹಾಗಿಲ್ಲ. ಒಂದೊಂದು ಗುಂಡಿಗೂ ನನ್ನ ಹಲ್ಲು ತಾಳ ಹಾಕಿದವು. ಅಜ್ಜಿಯ ಬೆಂಡೋಲೆ ಕೆನ್ನೆಗೆ ಬಡಿಯುತ್ತಿತ್ತು. ಒಂದು ಕೈ ಚರಿಗೆಯ ಮೇಲೆ, ಇನ್ನೊಂದು ಕೈ ಸೆರಗಿನ ಮರೆಯಲ್ಲಿ ಮೊಣಕಾಲನ್ನು ಒತ್ತಿ ಹಿಡಿದಿತ್ತು. ಚರಿಗೆಯೊಳಗಿನ ಬಿಳುಪು ಮಾತ್ರ ಅಲುಗಲಿಲ್ಲ. ಒಂದು ಸುಕ್ಕೂ ಏಳಲಿಲ್ಲ. ನಾನು ಅದನ್ನೇ ನೋಡುತ್ತ ಬಂದೆ. ಅಜ್ಜಿ ನಾನು ನೋಡುವುದನ್ನು ನೋಡಿ ಕಿಟಕಿಯ ಕಡೆ ಮುಖ ಮಾಡಿದಳು.

ಅಂಗಳಕ್ಕೆ ಮರಳಿದಾಗ ಕಾಕಾ ಇಳಿದು ಬಂದು ಚರಿಗೆಯ ಕಂಠ ನೋಡಿದ. ಹನಿ ಕೂಡ ಚೆಲ್ಲಿರಲಿಲ್ಲ. ಅವನ ಕಣ್ಣು ಒದ್ದೆಯಾದವು, ಸುಳ್ಳಲ್ಲ. ದಸ್ತಗೀರ ಸಾಹೇಬರು ಮೂತಿಗೆ ಹಾಕಲು ಚೆಂಡುಹೂವಿನ ಮಾಲೆ ತರಿಸಿದರು. ಮಾಲೆ ಬಿದ್ದರೆ ಆಯಿತು, ಮಾತು ಕೊಟ್ಟಂತೆ. ಆಗ ನಾನು ಅಜ್ಜಿಯ ತೊಡೆಯಿಂದ ಚರಿಗೆ ತೆಗೆದುಕೊಂಡು ಇಳಿದು, ಎಲ್ಲರ ಎದುರಿಗೆ ಅದನ್ನು ಬೋರಲು ಹಿಡಿದೆ. ಏನೂ ಬೀಳಲಿಲ್ಲ. ಮಾಲೆ ಹಿಡಿದ ಕೈಗಳು ಅಲ್ಲಿಯೇ ನಿಂತವು. ಸ್ವಲ್ಪ ಹೊತ್ತಿನ ಮೇಲೆ ಗಟ್ಟಿ ಮೊಸರಿನ ಇಡೀ ಗಡ್ಡೆ ಜಾರಿ ಕಾಕಾನ ಚಪ್ಪಲಿಯ ಮೇಲೆ ಧೊಪ್ಪೆಂದು ಬಿತ್ತು. ಅಜ್ಜಿ ಹಿಂದಿನ ಸಂಜೆಯೇ ಚರಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕಿಟ್ಟಿದ್ದಳು. ಹಿರಿಯ ಹೆಂಗಸಿನ ಚರಿಗೆಗೆ ಇಣುಕಿ ನೋಡುವ ರೂಢಿ ನಮ್ಮಲ್ಲಿಲ್ಲ, ಅವಳು ನಂಬಿದ್ದು ಅದನ್ನೇ.

ಮೊದಲು ನಕ್ಕವರು ದಸ್ತಗೀರ ಸಾಹೇಬರು. “ನಮ್ಮ ಗಾಡಿ ಪಾಸಾತು ಅನ್ಕೊಂಡಿದ್ದೆ, ಪಾಸಾಗಿದ್ದು ಮೊಸರು!” ಎಂದರು. ಅಜ್ಜಿಗೆ ಸಿಟ್ಟು ಬಂತು. “ನಗ್ರಿ, ನಗ್ರಿ. ನಾ ಇನ್ನೆಷ್ಟು ದಿನದಾಕಿ? ಗಾಡಿ ನಿಮಗ ಬೇಕು. ನನ್ನ ಒಂದು ಮೊಣಕಾಲಿನ ಸಲುವಾಗಿ ಆ ಹುಡುಗನ ಆಸೆ ಮುರೀಬೇಕೇನು?” ಎಂದಳು. ಆ ಹುಡುಗನೆಂದರೆ ತಲೆ ನರೆತ ಕಾಕಾ. ಅವ್ವ ಚಾಲಕನ ಸೀಟಿನಿಂದ ಇಳಿಯದೆ, “ನೀ ಪಕ್ಕದಾಗ ಇರಲಿಲ್ಲಂದ್ರ ನಾ ಸ್ಟೇರಿಂಗ ಹಿಡಿಯಾಕಿ ಅಲ್ಲ. ಆಮ್ಯಾಲ ಆನಿ ಆದ್ರೂ ತರ್ರಿ, ಒಂಟಿ ಆದ್ರೂ ತರ್ರಿ,” ಎಂದಳು. ಕಾಕಾ ಚಪ್ಪಲಿ ಬಿಚ್ಚಿ ಕೊಡವಿ, ಬಹಳ ಹೊತ್ತು ಆ ದೊಡ್ಡ ಗಾಡಿಯ ಕಡೆ ನೋಡಿದ. ಆಮೇಲೆ ಮೂಲೆಯಲ್ಲಿದ್ದ ತಗ್ಗಿನ ಗಾಡಿಯೊಂದನ್ನು ತೋರಿಸಿ, “ರವೆಕಲ್ಲಿಗೆ ನಾ ಮುಂದೊಂದಿನ ಬ್ಯಾರೆ ಟ್ರಿಪ್ಪು ಹೊಡೀತೀನಿ. ಇದನ್ನ ನೋಡೂಣು, ಆದ್ರ ಮಜ್ಜಿಗಿ ನಾ ತುಂಬಾಂವ,” ಎಂದ. ಅಜ್ಜಿ ನನ್ನ ಕಿವಿ ಹಿಂಡಿದಳು. “ಇಷ್ಟು ಓದಿಸಿದ್ರೂ ಬಾಯಿ ಬರಲಿಲ್ಲ ಇದಕ್ಕ. ಕೈ ಮಾತ್ರ ಬಂದೈತಿ,” ಎಂದಳು. ಹಿಂಡಿದ ಕೈ ಮೆತ್ತಗಿತ್ತು.

ತಗ್ಗಿನ ಗಾಡಿ ಒಂದೇ ಕಲ್ಲು ಎಳೆಯುತ್ತದೆ. ಗುಡ್ಡದಾಚೆಯ ಊರುಗಳು ಇನ್ನೂ ಕಾಯಬೇಕು. ಅದರ ಸವಾರಿಯಲ್ಲಿ ಒಂದು ಹನಿ ಅಜ್ಜಿಯ ಸೀರೆಯ ಮೇಲೆ ಬಿತ್ತು. ಅದನ್ನು ತೋರಿಸಿ ಅವಳು ತಕರಾರು ತೆಗೆದಳು, ಒಂದು ಹನಿಗೆ ಮಾಫಿ ಇದೆ ಎಂದು ಕಾಕಾ ಅಲ್ಲಿಯೇ ಕಾನೂನು ಮಾಡಿದ. ಇವತ್ತು ಬೆಳ್ಳಕ್ಕನ ಬಾಗಿಲಿನಿಂದ ನಿಮ್ಮ ಮೆಟ್ಟಿಲನ್ನು ಬಿಚ್ಚಿ ಇದಕ್ಕೆ ಕೂರಿಸಿದರು. ಬೆಳ್ಳಕ್ಕ ತುಂಬುಕಟ್ಟೆಯ ಸಾಲಿನಲ್ಲಿ ಬರಿದಾಗಿ ನಿಂತಿದ್ದಾಳೆ. ನಾನು ಒಬ್ಬಳೇ ಹೋಗಿ ಅವಳ ಗಾಜಿನ ಹಿಟ್ಟಿನಲ್ಲಿ ನನ್ನ ಹೆಸರು ಬರೆದು ಬಂದೆ. ಗಾಳಿ ಅಷ್ಟರಲ್ಲೇ ಅದನ್ನು ಅರ್ಧ ಒರೆಸಿತ್ತು.

ನೀವೂ ನಾಳೆಯೋ ನಾಡಿದ್ದೋ ಗದಗಿಗೆ ಹೋಗುತ್ತೀರಿ. ಗದಿಗೆಪ್ಪಜ್ಜ ಎತ್ತರದ, ಬಿಗಿಯಾದ ಗಾಡಿಯೊಂದನ್ನು ಮನಸ್ಸಿನಲ್ಲೇ ಆರಿಸಿಯಾಗಿದೆ. ನೀವು ಬಿಸಿಲಿಗೆಂದು ಒಂದು ಚರಿಗೆಯಲ್ಲಿ ಮಜ್ಜಿಗೆ ಒಯ್ಯುತ್ತೀರಿ, ಅದರ ಹಿಂದೆ ಬೇರೆ ಯಾವ ಯೋಚನೆಯೂ ಇರುವುದಿಲ್ಲ. ಓಡಿಸಿ ನೋಡುವಾಗ ಅದೆಲ್ಲ ನಿಮ್ಮ ಹೊಸ ಸೀರೆಯ ಮೇಲೆ ಚೆಲ್ಲುತ್ತದೆ. ಆಗ ನೀವು ಆಡುವ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ: “ಗಿರಣಿ ವಾರಕ್ಕೆರಡು ದಿನ ಹಿಂದ ಬರತೈತಿ, ನಾ ದಿನಾ ಒಳಗ ಕುಂದರಬೇಕು.” ಸೀರೆ ಹಾಳಾಯಿತೆಂದು ಬೇಸರ ಮಾಡಿಕೊಳ್ಳಬೇಡಿ. ಆ ಮಜ್ಜಿಗೆ ಕಲೆಯ ದಯೆಯಿಂದಲೇ ನಾಳೆ ಬೆಳಿಗ್ಗೆ ನನ್ನ ಅಜ್ಜಿ ನಿಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು ಗಾಡಿ ಹತ್ತುತ್ತಾಳೆ.

ಒಂದೇ ಕೋರಿಕೆ. ಇದನ್ನು ನಮ್ಮ ಮಾತಿನಲ್ಲೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ದಿನ ಮಜ್ಜಿಗಿನ ಒಯ್ಯಿ, ಅಜ್ಜಿ. ಮೊಸರು ಬ್ಯಾಡ.

ನಿನ್ನ
ಮುಕ್ತಾ